ರಿಪೋರ್ಟ್ ಬರುವವರೆಗೆ ಕಾಯಬೇಡಿ

ಪ್ರಶ್ನೆ: ನಾನು ಕಿಬ್ಬನಹಳ್ಳಿ ಹತ್ತಿರದ ತೋಟದ ಮನೆಯವನು, ವಯಸ್ಸು 27. ತಂಗಿಗೆ 23. ಅವಳನ್ನು ನಮ್ಮ ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದೇವೆ, ತುರುವೇಕೆರೆ ಕಡೆ ಮನೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ತಿಪಟೂರಿನ ನರ್ಸಿಂಗ್ ಹೋಮ್ ಒಂದರಲ್ಲಿ ಹೆಣ್ಣು ಮಗು ಹುಟ್ಟಿತು. ಇವತ್ತಿಗೆ 19 ದಿನ. ಮೂರನೇ ದಿನ ಡಾಕ್ಟರು ಮಾವನನ್ನು ಹೊರಗೆ ಕರೆದು, ‘ಮಗು ಮಂಗೋಲ್ ಥರ ಕಾಣ್ತಿದೆ, ಕ್ರೋಮೋಸೋಮ್ ಟೆಸ್ಟ್ ಮಾಡಿಸಿ, ಬೆಂಗಳೂರಿಗೆ ರಕ್ತ ಕಳಿಸಬೇಕು’ ಅಂದರು. ಮನೆಯಲ್ಲಿ ಮಾವ, ಅಪ್ಪ, ನಾನು, ಮೂರೇ ಜನಕ್ಕೆ ಗೊತ್ತು. ತಂಗಿಗೆ ಹೇಳಿಲ್ಲ, ಹಸಿ ಬಾಣಂತಿ. ಮಗು ಮೆತ್ತಗಿದೆ, ಕೈಕಾಲು ಜೋತು ಬೀಳುತ್ತೆ, ಅಳುವುದೇ ಇಲ್ಲ, ಹಾಲು ಕುಡಿಯುತ್ತಾ ಅರ್ಧಕ್ಕೇ ನಿದ್ದೆ ಹೋಗುತ್ತೆ. ‘ಎಂಥ ಸಾಧು ಮಗು’ ಅಂತಾರೆ ಮನೆಯ ಹೆಂಗಸರು. ಅಜ್ಜಿಗೆ ಮಾತ್ರ ಏನೋ ಅನುಮಾನ. ಸೆಪ್ಟೆಂಬರ್‌ನಲ್ಲಿ ಗ್ರಹಣದ ದಿನ ತಂಗಿ ಕಾಯಿ ತುರಿದಿದ್ದಳು, ಅದಕ್ಕೇ ಹೀಗೆ ಅಂತಾರೆ. ನೆಂಟರೊಬ್ಬರು ಒಳಸಂಬಂಧದ ಫಲ ಅಂದರು. ಇನ್ನೊಬ್ಬರು, ‘ಹೆಣ್ಣು ಮಗು ಬೇರೆ, ಟೆಸ್ಟು ಗಿಸ್ಟು ಅಂತ ದುಡ್ಡು ಸುರೀಬೇಡಿ’ ಅಂದರು. ನಾಮಕರಣ ಮುಂದಕ್ಕೆ ಹಾಕಿದ್ದೇವೆ. ಟೆಸ್ಟ್ ಮಾಡಿಸಲೇಬೇಕಾ? ಮಾಡಿಸಿದರೆ ಏನು ಬದಲಾಗುತ್ತೆ? ತಂಗಿಗೆ ಯಾವಾಗ ಹೇಳೋದು? ನನಗೂ ಹೆಣ್ಣು ನೋಡುತ್ತಿದ್ದಾರೆ. ಇದು ನಮ್ಮ ರಕ್ತದಲ್ಲಿ ಇದೆಯಾ?
— ಹೆಸರು ಬೇಡ, ಕಿಬ್ಬನಹಳ್ಳಿ

ಉತ್ತರ: ನೀವು ಇಷ್ಟೆಲ್ಲ ಕೇಳಿದ್ದೀರಿ. ಕೇಳದೇ ಬಿಟ್ಟ ಒಂದು ಪ್ರಶ್ನೆಯಿಂದ ನಾನು ಶುರು ಮಾಡುತ್ತೇನೆ. ಮಗುವಿನ ಹೃದಯದ ಎಕೋ ಆಗಿದೆಯೇ?

ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಡಾಕ್ಟರು ಅನುಮಾನಪಟ್ಟಿರುವುದು ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯನ್ನು. ಅದಿರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದಲ್ಲಿ ಒಂದಲ್ಲ ಒಂದು ದೋಷ ಇರುತ್ತದೆ. ಒಳಗೋಡೆಯಲ್ಲಿ ರಂಧ್ರ, ಕವಾಟ ಸರಿಯಾಗಿ ಬೇರೆಯಾಗದಿರುವುದು, ಇಂಥವು. ಸ್ಟೆತಾಸ್ಕೋಪ್ ಇಟ್ಟು ಕೇಳಿ ‘ಶಬ್ದ ಏನಿಲ್ಲ’ ಎಂದರೆ ಸಾಲದು. ದೊಡ್ಡ ರಂಧ್ರವಿದ್ದರೂ ಮೊದಲ ವಾರಗಳಲ್ಲಿ ಶಬ್ದ ಕೇಳದೇ ಹೋಗಬಹುದು. ಆದ್ದರಿಂದ ಈ ಅನುಮಾನ ಬಂದ ಪ್ರತಿ ಮಗುವಿಗೂ, ನೋಡಲು ಎಷ್ಟೇ ಚೆನ್ನಾಗಿದ್ದರೂ, ಮೊದಲ ತಿಂಗಳೊಳಗೆ ಎಕೋ ಮಾಡಿಸಬೇಕು. ನೋವಿಲ್ಲ, ಸೂಜಿ ಇಲ್ಲ, ಹೊಟ್ಟೆಯ ಸ್ಕ್ಯಾನಿನ ಹಾಗೆ ಎದೆಯ ಮೇಲೆ ಜೆಲ್ ಹಚ್ಚಿ ನೋಡುತ್ತಾರೆ.

ಅವಸರವೇಕೆಂದರೆ, ಕೆಲವು ದೋಷಗಳಿಗೆ ಆಪರೇಷನ್ನಿನ ಕಾಲ ಎಂದು ಒಂದಿದೆ. ಹೃದಯದ ನಡುವಿನ ದೊಡ್ಡ ರಂಧ್ರವನ್ನು ಸಾಮಾನ್ಯವಾಗಿ ಮಗುವಿಗೆ ಆರು ತಿಂಗಳು ತುಂಬುವುದರೊಳಗೆ ಮುಚ್ಚುತ್ತಾರೆ. ಬಿಟ್ಟರೆ ಹೆಚ್ಚುವರಿ ರಕ್ತ ಶ್ವಾಸಕೋಶಕ್ಕೆ ನುಗ್ಗಿ ನುಗ್ಗಿ ಅಲ್ಲಿನ ರಕ್ತನಾಳಗಳು ಬಿರುಸಾಗುತ್ತವೆ. ಆ ಹಂತ ದಾಟಿದ ಮೇಲೆ ಆಪರೇಷನ್ನೇ ಸಾಧ್ಯವಾಗುವುದಿಲ್ಲ. ನನ್ನ ಮುಂದೆ ಕೂತ ಎಷ್ಟೋ ಅಪ್ಪ ಅಮ್ಮಂದಿರು ರಿಪೋರ್ಟಿಗೆ ಕಾದು, ಆಮೇಲೆ ದೇವರಿಗೆ ಹೇಳಿಕೊಂಡು ಬಂದು, ಆಮೇಲೆ ನೆಂಟರನ್ನು ಕೇಳಿ, ಎಂಟನೆಯದೋ ಹತ್ತನೆಯದೋ ತಿಂಗಳಲ್ಲಿ ಮೊದಲ ಎಕೋ ಮಾಡಿಸಿದವರು. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು 25ರ ಆಸುಪಾಸಿನಲ್ಲಿತ್ತು, ಈಗ 60ರ ಹತ್ತಿರ ಬಂದಿದೆ. ವರ್ಣತಂತುಗಳಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದರಲ್ಲಿ ಬಹುಪಾಲು ಹೃದಯವನ್ನು ಕಾಲಕ್ಕೆ ಸರಿಯಾಗಿ ರಿಪೇರಿ ಮಾಡಿದ್ದು.

‘ಸಾಧು ಮಗು’ ಎಂಬ ಮಾತು ನನ್ನನ್ನು ಕಾಡುತ್ತಿದೆ. 19 ದಿನದ ಮಗು ಹಸಿವಾದರೆ ಮನೆ ಎಬ್ಬಿಸಬೇಕು. ಅಳದೆ, ಅರ್ಧ ಹಾಲಿಗೇ ನಿದ್ದೆ ಹೋಗುತ್ತಿದೆಯೆಂದರೆ ಮೂರು ಕಾರಣ ಇರಬಹುದು. ಸ್ನಾಯು ಮೆತ್ತಗಿರುವುದರಿಂದ ಚೀಪಲು ಆಯಾಸ, ಇಲ್ಲವೇ ಹೃದಯಕ್ಕೆ ಆಯಾಸ, ಇಲ್ಲವೇ ಥೈರಾಯ್ಡ್ ಕೊರತೆ. ಮೂರನೆಯದಕ್ಕೆ ಟಿಎಸ್ಎಚ್ ಎಂಬ ರಕ್ತ ಪರೀಕ್ಷೆ ಇದೆ, ತಿಪಟೂರಿನಲ್ಲೇ ಆಗುತ್ತದೆ. ಕೊರತೆ ಇದ್ದರೆ ದಿನಕ್ಕೊಂದು ಸಣ್ಣ ಮಾತ್ರೆ ಸಾಕು. ಇದ್ದೂ ಕೊಡದೇ ಹೋದರೆ ಮಗುವಿನ ಮಿದುಳಿಗೆ ಆಗುವ ನಷ್ಟ ಮತ್ತೆ ತುಂಬುವುದಿಲ್ಲ. ವರ್ಣತಂತುವನ್ನು ಯಾರೂ ಬದಲಿಸಲಾರರು. ಥೈರಾಯ್ಡ್ ಕೊರತೆಯನ್ನು ನೀಗಿಸಬಹುದು. ಜೊತೆಗೆ ರಕ್ತಕಣಗಳ ಎಣಿಕೆಯನ್ನೂ ಮಾಡಿಸಿ, ಈ ಮಕ್ಕಳಲ್ಲಿ ಕೆಲವರಿಗೆ ಹುಟ್ಟಿದ ಹೊಸದರಲ್ಲಿ ಬಿಳಿ ರಕ್ತಕಣ ವಿಪರೀತ ಏರಿರುತ್ತದೆ.

ತೂಕ ನೋಡಿದ್ದೀರಾ? ಎರಡು ವಾರಕ್ಕೆ ಮಗು ಹುಟ್ಟಿದಾಗಿನ ತೂಕಕ್ಕೆ ಮರಳಿರಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೂಗಿಸಿ ಬರೆದಿಡಿ. ಎರಡು ಮೂರು ಗಂಟೆಗೊಮ್ಮೆ ಮಗುವನ್ನು ಎಬ್ಬಿಸಿಯೇ ಹಾಲು ಕುಡಿಸಬೇಕು, ಅಂಗಾಲು ಉಜ್ಜಿ, ಬಟ್ಟೆ ಸಡಿಲಿಸಿ, ಗಲ್ಲಕ್ಕೆ ಬೆರಳಿನ ಆಸರೆ ಕೊಟ್ಟು. ಚೀಪಲಾಗದಿದ್ದರೆ ತಂಗಿ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಲಿ. ಹಾಲು ಕುಡಿಯುವಾಗ ಹಣೆ ಬೆವರಿದರೆ, ತುಟಿ ನೀಲಿಯಾದರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿ ಕಕ್ಕ ಹೋಗದಿದ್ದರೆ ನನ್ನ ಉತ್ತರವನ್ನು ಓದುತ್ತಾ ಕೂರಬೇಡಿ, ಅದೇ ಗಳಿಗೆಗೆ ಹೊರಡಿ.

ಇನ್ನು ಕ್ರೋಮೋಸೋಮ್ ಟೆಸ್ಟ್. ಮಾಡಿಸಬೇಕೇ? ಮಾಡಿಸಲೇಬೇಕು. ಆದರೆ ಮೇಲೆ ಹೇಳಿದ ಯಾವುದೂ ಅದರ ಫಲಿತಾಂಶಕ್ಕಾಗಿ ನಿಲ್ಲಬಾರದು.

ನಿಮ್ಮ ಕಡೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತ ತೆಂಗಿನಕಾಯನ್ನು ಹಿರಿಯರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಉಂಡೆ ಬಿಟ್ಟಿದೆಯೋ ಇಲ್ಲವೋ ಸದ್ದಿನಲ್ಲೇ ಹೇಳುತ್ತಾರೆ, ಸಾಮಾನ್ಯವಾಗಿ ತಪ್ಪುವುದಿಲ್ಲ. ಆದರೂ ಒಡೆದಾಗ ಕೆಲವು ಸಲ ಬೇರೆಯೇ ಕಾಣುತ್ತದೆ. ಅನುಭವಿ ಮಕ್ಕಳ ಡಾಕ್ಟರ ಕಣ್ಣೂ ಅಂಥದ್ದೇ. ಮೇಲಕ್ಕೆ ಓರೆಯಾದ ಕಣ್ಣು, ಚಪ್ಪಟೆ ಮುಖ, ಚಿಕ್ಕ ಕಿವಿ, ಕತ್ತಿನ ಹಿಂದೆ ಸಡಿಲ ಚರ್ಮ, ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಚಪ್ಪಲಿ ಪಟ್ಟಿಯಷ್ಟು ಜಾಗ, ಅಂಗೈಯಲ್ಲಿ ಅಡ್ಡಕ್ಕೆ ಒಂದೇ ಗೆರೆ. ಇವು ಒಟ್ಟಿಗೆ ಸೇರಿದಾಗ ಅನುಮಾನ ಗಟ್ಟಿಯಾಗುತ್ತದೆ. ಒಂದೊಂದೇ ಚಿಹ್ನೆ ಆರೋಗ್ಯವಂತರಲ್ಲೂ ಇರುತ್ತದೆ. ಅಂಗೈಯ ಒಂದೇ ಗೆರೆ ಎಷ್ಟೋ ಜನ ಸಾಮಾನ್ಯರಿಗಿದೆ, ಅದನ್ನು ಹಿಡಿದು ಜ್ಯೋತಿಷಿಯ ಬಳಿ ಹೋಗಬೇಡಿ. ಮಗು ಮೆತ್ತಗಿರುವುದಕ್ಕೂ ಬೇರೆ ಕಾರಣಗಳಿವೆ. ಬರೀ ಥೈರಾಯ್ಡ್ ಇರಬಹುದು. 15ನೇ ವರ್ಣತಂತುವಿನ ಒಂದು ತುಣುಕು ಕೆಲಸ ಮಾಡದಿರುವ ಪ್ರಾಡರ್-ವಿಲ್ಲಿ ಎಂಬ ಸ್ಥಿತಿಯೂ ಇರಬಹುದು. ಆದ್ದರಿಂದ ಒಡೆದೇ ನೋಡಬೇಕು.

ಮನುಷ್ಯನ ಪ್ರತಿ ಜೀವಕೋಶದಲ್ಲೂ 23 ಜೊತೆ, ಅಂದರೆ 46 ವರ್ಣತಂತುಗಳಿವೆ. ಈ ಲೆಕ್ಕ ಖಚಿತವಾದದ್ದೇ 1956ರಲ್ಲಿ. (ನಿಮ್ಮ ತೋಟದ ತೆಂಗಿನಲ್ಲಿ 32.) ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೆಯದು ಎರಡರ ಬದಲು ಮೂರು ಇರುತ್ತದೆ ಎಂದು 1959ರಲ್ಲಿ ಪ್ಯಾರಿಸ್ಸಿನಲ್ಲಿ ಜೆರೋಮ್ ಲೆಜೂನ್, ಮಾರ್ತ್ ಗೋಟಿಯೆ ಮತ್ತವರ ಸಂಗಡಿಗರು ತೋರಿಸಿದರು. ಇವತ್ತಿಗೂ ಟೆಸ್ಟಿನ ವಿಧಾನ ಮೂಲದಲ್ಲಿ ಅದೇ, ಹೆಸರು ಕ್ಯಾರಿಯೋಟೈಪ್. ಮಗುವಿನಿಂದ ಒಂದೆರಡು ಎಂಎಲ್ ರಕ್ತ ತೆಗೆದು ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿಗೆ ಹಾಕುತ್ತಾರೆ. ಲ್ಯಾಬಿನಲ್ಲಿ ಬಿಳಿ ರಕ್ತಕಣಗಳನ್ನು ಸುಮಾರು 72 ಗಂಟೆ ಬೆಳೆಸುತ್ತಾರೆ. ಕಣ ಎರಡಾಗಿ ಒಡೆಯುವ ಹೊತ್ತಿಗೆ ಸರಿಯಾಗಿ ಔಷಧಿ ಹಾಕಿ ನಿಲ್ಲಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಇಪ್ಪತ್ತರಷ್ಟು ಕಣಗಳ ವರ್ಣತಂತುಗಳನ್ನು ಒಂದೊಂದಾಗಿ ಎಣಿಸಿ ಜೋಡಿಸುತ್ತಾರೆ. ಇದು ಕೂತು ಮಾಡುವ ಕೆಲಸ, ಅದಕ್ಕೇ ಎರಡು ಮೂರು ವಾರ ಹಿಡಿಯುತ್ತದೆ. ಕಣ ಜೀವಂತ ಇರಬೇಕಾದ್ದರಿಂದ ಟ್ಯೂಬನ್ನು ಫ್ರೀಜರಿನಲ್ಲಿಟ್ಟರೆ, ಇಲ್ಲವೇ ಶನಿವಾರ ತೆಗೆದು ಮಂಗಳವಾರ ಕಳಿಸಿದರೆ ಮಗುವಿಗೆ ಮತ್ತೆ ಸೂಜಿ. ವಾರದ ಮೊದಲ ದಿನಗಳಲ್ಲಿ ರಕ್ತ ಕೊಡಿ. ಬೇಗ ಬೇಕೆಂದರೆ ಫಿಶ್ ಎಂಬ ಪರೀಕ್ಷೆ ಒಂದೆರಡು ದಿನದಲ್ಲಿ 21ನೆಯದು ಎರಡೋ ಮೂರೋ ಹೇಳಿಬಿಡುತ್ತದೆ. ಆದರೆ ಆ ಮೂರನೆಯದು ಎಲ್ಲಿ ಕೂತಿದೆ ಎಂದು ಹೇಳುವುದು ಕ್ಯಾರಿಯೋಟೈಪ್ ಮಾತ್ರ.

‘ಎಲ್ಲಿ ಕೂತಿದೆ’ ಎಂಬುದೇ ನಿಮ್ಮ ‘ಏನು ಬದಲಾಗುತ್ತೆ’ ಎಂಬ ಪ್ರಶ್ನೆಗೆ ಉತ್ತರ. ನೂರರಲ್ಲಿ ಸುಮಾರು 95 ಮಕ್ಕಳಲ್ಲಿ ಅದು ಬಿಡಿಯಾಗಿರುತ್ತದೆ. ರಿಪೋರ್ಟಿನಲ್ಲಿ ‘47,ಎಕ್ಸ್‌ಎಕ್ಸ್,+21’ ಎಂದು ಬರೆದಿರುತ್ತಾರೆ. ಹಾಗಿದ್ದರೆ ಇದು ಮನೆತನದಲ್ಲಿ ಹರಿದು ಬಂದದ್ದಲ್ಲ. ನಿಮ್ಮ ತಂಗಿಯ ವಯಸ್ಸಿನವರಿಗೆ ಮುಂದಿನ ಮಗುವಿನಲ್ಲಿ ಇದು ಮರುಕಳಿಸುವ ಸಾಧ್ಯತೆ ನೂರಕ್ಕೆ ಒಂದರಷ್ಟು. ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ ಹೆಚ್ಚುವರಿ 21 ಇನ್ನೊಂದು ವರ್ಣತಂತುವಿಗೆ, ಹೆಚ್ಚಾಗಿ 14ನೆಯದಕ್ಕೆ, ಅಂಟಿಕೊಂಡಿರುತ್ತದೆ. ಆಗ ರಿಪೋರ್ಟಿನಲ್ಲಿ ಒಟ್ಟು 46 ಎಂದೇ ಇರುತ್ತದೆ. ಅದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಂಡು ಸಿಹಿ ಹಂಚಿದವರನ್ನು ಕಂಡಿದ್ದೇನೆ. ರಿಪೋರ್ಟನ್ನು ನೀವೇ ಓದಿಕೊಳ್ಳಬೇಡಿ, ಓದಿ ಹೇಳುವವರ ಮುಂದೆ ಕೂತು ಕೇಳಿ. ಅಂಟಿದ ಬಗೆಯಾದರೆ ನಿಮ್ಮ ತಂಗಿಯೂ ಮಾವನೂ ರಕ್ತ ಕೊಡಬೇಕು. ಬಹಳಷ್ಟು ಸಲ ಇಬ್ಬರದೂ ಸರಿಯಾಗಿಯೇ ಇರುತ್ತದೆ. ತಾಯಿಯಲ್ಲಿ ಆ ಜೋಡಣೆ ಇದ್ದರೆ, ಅವಳು ಪೂರ್ತಿ ಆರೋಗ್ಯವಂತಳಾಗಿದ್ದರೂ, ಪ್ರತಿ ಗರ್ಭಕ್ಕೂ ನೂರಕ್ಕೆ 10ರಿಂದ 15ರಷ್ಟು ಸಾಧ್ಯತೆ. ತಂದೆಯಲ್ಲಿದ್ದರೆ ಅದಕ್ಕಿಂತ ಬಹಳ ಕಡಿಮೆ. ಉಳಿದ ಒಂದೆರಡು ಮಕ್ಕಳಲ್ಲಿ ಕೆಲವು ಕಣ 46, ಕೆಲವು 47, ಮಿಶ್ರವಾಗಿರುತ್ತದೆ. ಕ್ಯಾರಿಯೋಟೈಪ್ ಸರಿ ಇದ್ದು ಮಗು ಮೆತ್ತಗೇ ಉಳಿದರೆ ಇನ್ನೂ ಸೂಕ್ಷ್ಮವಾದ ಮೈಕ್ರೋಅರೇ ಪರೀಕ್ಷೆಗೆ ಹೋಗಬೇಕಾಗುತ್ತದೆ.

ನಿಮ್ಮ ಮದುವೆಯ ಪ್ರಶ್ನೆಗೂ ಇದರಲ್ಲೇ ಉತ್ತರ ಸಿಕ್ಕಿತು. ರಿಪೋರ್ಟ್ 47 ಎಂದು ಬಂದರೆ ನಿಮಗೆ ಯಾವ ಪರೀಕ್ಷೆಯೂ ಬೇಕಿಲ್ಲ. ತಂಗಿಯೋ ಮಾವನೋ ವಾಹಕರು ಎಂದು ಬಂದರೆ ಮಾತ್ರ ನೀವೂ ಒಮ್ಮೆ ರಕ್ತ ಕೊಟ್ಟು, ಫಲಿತಾಂಶ ಏನೇ ಇರಲಿ, ಹೆಣ್ಣಿನ ಮನೆಯವರಿಗೆ ನೇರವಾಗಿ ಹೇಳಿ. ಮುಚ್ಚಿಟ್ಟು ಮಾಡಿದ ಮದುವೆ ಬೇಡ.

ಗ್ರಹಣದ ವಿಚಾರ. 2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣವಾದಾಗ ತಂಗಿ ಐದು ತಿಂಗಳ ಬಸುರಿ ಇದ್ದಿರಬೇಕು. ಹೆಚ್ಚುವರಿ ವರ್ಣತಂತು ಬರುವುದು ಬಹುಮಟ್ಟಿಗೆ ಅಂಡ ಹಣ್ಣಾಗುವಾಗ, ಅಂದರೆ ಗರ್ಭ ಕಟ್ಟುವುದಕ್ಕೂ ಮೊದಲು. ಅವಳು ಕಾಯಿ ತುರಿದ ದಿನ ಮಗುವಿನ ಪ್ರತಿ ಕಣದಲ್ಲೂ ಲೆಕ್ಕ ಆಗಲೇ ಬರೆದಾಗಿತ್ತು. ಅವಳು ತಿಂದದ್ದು, ಎತ್ತಿದ ಕೊಡ, ನಡೆದ ದಾರಿ ಯಾವುದಕ್ಕೂ ಇದರಲ್ಲಿ ಪಾಲಿಲ್ಲ. ತಾಯಿಯ ವಯಸ್ಸು ಏರಿದಂತೆ ಸಾಧ್ಯತೆ ಏರುವುದು ನಿಜ. 20ರಲ್ಲಿ ಸುಮಾರು 1500 ಹೆರಿಗೆಗೆ ಒಂದು, 35ರಲ್ಲಿ 350ಕ್ಕೆ ಒಂದು, 40ರಲ್ಲಿ 100ಕ್ಕೆ ಒಂದು. ಆದರೆ ನಮ್ಮಲ್ಲಿ ಹೆರುವವರೇ ಹೆಚ್ಚಾಗಿ ಚಿಕ್ಕವರು, ಹಾಗಾಗಿ ಈ ಮಕ್ಕಳ ತಾಯಂದಿರಲ್ಲೂ ಚಿಕ್ಕವರೇ ಹೆಚ್ಚು.

ಒಳಸಂಬಂಧದ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ, ಒಪ್ಪಲೂ ಆರೆ. ಬೆಂಗಳೂರು, ಮೈಸೂರಿನ ನವಜಾತ ಶಿಶುಗಳ ಬಗ್ಗೆ ನಡೆದ ಒಂದು ಅಧ್ಯಯನದಲ್ಲಿ ಹೆತ್ತವರಲ್ಲಿ ಸುಮಾರು ಮೂರನೇ ಒಂದು ಪಾಲು ರಕ್ತಸಂಬಂಧಿಗಳೇ ಆಗಿದ್ದರು. ಮಾವನಿಗೆ ಕೊಡುವುದು ನಿಮ್ಮೊಬ್ಬರ ಮನೆಯ ಕಥೆಯಲ್ಲ. ಒಂದೇ ದೋಷ ಅಪ್ಪ ಅಮ್ಮ ಇಬ್ಬರಿಂದಲೂ ಸೇರಿ ಬಂದಾಗ ಕಾಣಿಸುವ ಕಾಯಿಲೆಗಳು, ಕೆಲವು ಬಗೆಯ ಕಿವುಡು, ಮೈಯಲ್ಲಿ ಆಹಾರ ಜೀರ್ಣವಾಗಿ ಒದಗುವ ಕ್ರಿಯೆಯ ತೊಂದರೆಗಳು, ಇಂಥ ಮದುವೆಗಳಲ್ಲಿ ಹೆಚ್ಚು. ಅದಕ್ಕೇ ನಿಮಗೂ ಹೊರಗಿನಿಂದಲೇ ಹೆಣ್ಣು ತನ್ನಿ ಎಂದು ಹೇಳುತ್ತೇನೆ. ಆದರೆ 21ನೇ ವರ್ಣತಂತು ಬಿಡಿಯಾಗಿ ಹೆಚ್ಚಾಗುವುದಕ್ಕೆ ಒಳಸಂಬಂಧ ಕಾರಣವಲ್ಲ. ನಿಮ್ಮ ಮನೆಯಲ್ಲಿ ತಂಗಿಗೆ ಅತ್ತೆಯಾದವರು ನಿಮ್ಮ ಅಜ್ಜಿಯೇ. ದೂರಲು ‘ಆ ಕಡೆಯವರು’ ಎಂದು ಯಾರೂ ಇಲ್ಲ. ಅಜ್ಜಿಯ ಪಕ್ಕ ಕೂತು ಇದನ್ನು ಬಿಡಿಸಿ ಹೇಳಿ. ಅವರು ನಂಬಿದರೆ ಅರ್ಧ ಊರು ನಂಬುತ್ತದೆ.

‘ಹೆಣ್ಣು ಮಗು ಬೇರೆ’ ಎಂದ ನೆಂಟರಿಗೆ ಉತ್ತರ ಕೊಡಬೇಡಿ. ಅವರನ್ನು ಈ ಮಾತುಕತೆಯಿಂದ ಹೊರಗಿಡಿ. ಗಂಡಾಗಿದ್ದರೆ ಎಕೋ, ಹೆಣ್ಣಾದರೆ ಸುಮ್ಮನಿರುವುದು ಎಂದರೆ ಆ ಮಗುವನ್ನು ನಿಧಾನವಾಗಿ ಕೊಲ್ಲುವುದು. ಬೇರೆ ಮಾತು ನನಗೆ ಗೊತ್ತಿಲ್ಲ. ಆ ಡಾಕ್ಟರ ಬಾಯಿಂದ ಬಂದ ‘ಮಂಗೋಲ್’ ಪದವೂ ಮನೆಯೊಳಗೆ ಬರದಿರಲಿ. ಮಂಗೋಲಿಯಾ ದೇಶ ಆಕ್ಷೇಪಿಸಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 1965ರಲ್ಲೇ ಅದನ್ನು ಕೈಬಿಟ್ಟಿದೆ.

ಈಗ ತಂಗಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ನೋವು ತಂದದ್ದು ‘ಮೂರೇ ಜನಕ್ಕೆ ಗೊತ್ತು’ ಎಂಬ ಸಾಲು. ಹೆತ್ತವಳನ್ನು ಬಿಟ್ಟು ಮೂವರು ಗಂಡಸರು. ಹಸಿ ಬಾಣಂತಿ, ತಡೆದುಕೊಳ್ಳಲಾರಳು ಎಂಬುದು ನಿಮ್ಮ ಅಕ್ಕರೆಯೇ ಹೌದು. ಆದರೆ ರಾತ್ರಿ ನಾಲ್ಕು ಸಲ ಎದ್ದು ಆ ಮಗುವನ್ನು ಎದೆಗೆ ಹಚ್ಚಿಕೊಳ್ಳುವವಳು ಅವಳು. ಕೈಕಾಲಿನ ಸಡಿಲ ಅವಳಿಗೆ ನಿಮಗಿಂತ ಮೊದಲು ಗೊತ್ತಾಗಿದೆ. ಪಡಸಾಲೆಯಲ್ಲಿ ಮಾತು ಥಟ್ಟನೆ ನಿಲ್ಲುವುದು, ನಾಮಕರಣ ಮುಂದಕ್ಕೆ ಹೋಗಿದ್ದು, ಗಂಡ ಮುಖ ಕೊಟ್ಟು ಮಾತಾಡದಿರುವುದು ಎಲ್ಲವನ್ನೂ ನೋಡುತ್ತಿದ್ದಾಳೆ. ಏನೆಂದು ತಿಳಿಯದೆ ಎಲ್ಲಕ್ಕೂ ತನ್ನನ್ನೇ ಕಾರಣ ಮಾಡಿಕೊಳ್ಳುತ್ತಿರುತ್ತಾಳೆ. ನಿಜ ತಿಳಿದು ಅಳುವುದು ಬೇರೆ, ಒಬ್ಬಳೇ ಕೊರಗುವುದು ಬೇರೆ.

ಇವತ್ತೇ ಹೇಳಿ. ನೀವಲ್ಲ, ಮಾವ ಹೇಳಲಿ, ಗಂಡ ಹೆಂಡತಿ ಇಬ್ಬರೇ ಇರುವಾಗ, ಮಗು ಅವಳ ಮಡಿಲಲ್ಲೇ ಇರುವಾಗ. ಮಾವನಿಗೆ ಧೈರ್ಯ ಸಾಲದಿದ್ದರೆ ಮಕ್ಕಳ ಡಾಕ್ಟರ ಮುಂದೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ. ‘ಡಾಕ್ಟರಿಗೆ ಒಂದು ಅನುಮಾನ ಇದೆ, ಖಚಿತವಿಲ್ಲ, ಟೆಸ್ಟ್ ಮಾಡಿಸೋಣ, ಅದಕ್ಕೆ ಮೊದಲು ಎದೆ ತೋರಿಸೋಣ, ನಿನ್ನಿಂದ ಏನೂ ತಪ್ಪಾಗಿಲ್ಲ’, ಇಷ್ಟು ಸಾಕು. ಕೊನೆಯ ಮಾತನ್ನು ಮಾತ್ರ ಎರಡು ಸಲ ಹೇಳಲಿ. ಅವಳು ಅತ್ತರೆ ಅಳಲಿ, ಸಮಾಧಾನ ಮಾಡುವ ಅವಸರ ಬೇಡ. ಎರಡು ವಾರ ಕಳೆದರೂ ಊಟ ನಿದ್ದೆ ಬಿಟ್ಟು, ಮಗುವನ್ನು ಮುಟ್ಟದೆ ಕೂತರೆ ಅದು ಬಾಣಂತಿ ಖಿನ್ನತೆ, ಅದಕ್ಕೆ ಚಿಕಿತ್ಸೆ ಇದೆ, ಡಾಕ್ಟರಿಗೆ ತೋರಿಸಿ.

ಬಾಣಂತಿ ಕೋಣೆಯ ಎರಡು ಮಾತು. ಎಣ್ಣೆ ನೀರು ಹಾಕುವ ಅಜ್ಜಿಗೆ ಹೇಳಿ, ಈ ಮಗುವಿನ ಕತ್ತಿನ ಕೀಲು ಸಡಿಲ ಇರಬಹುದು, ತಲೆಕೆಳಗು ಹಿಡಿಯುವುದು, ಕೈಕಾಲು ಸೆಳೆದು ನೆಟಿಗೆ ತೆಗೆಯುವುದು ಬೇಡ, ಕತ್ತಿಗೆ ಯಾವಾಗಲೂ ಅಂಗೈ ಆಸರೆ ಇರಲಿ. ಕೊಬ್ಬರಿ ಎಣ್ಣೆ ಮೆದುವಾಗಿ ಸವರಲಿ, ಮೂಗು ಕಿವಿಗೆ ಬಿಡುವುದು ಬೇಡ. ಲೋಬಾನದ ಹೊಗೆ ಪೂರ್ತಿ ನಿಲ್ಲಿಸಿ, ಈ ಮಕ್ಕಳಿಗೆ ಎದೆ ಕಟ್ಟುವುದು ಬೇಗ.

ಎಲ್ಲಿಗೆ ಹೋಗುವುದು? ಡೌನ್ ಸಿಂಡ್ರೋಮ್, ಹುಟ್ಟು ಹೃದಯದೋಷ, ಹುಟ್ಟು ಕಿವುಡು, ಕಣ್ಣಿನ ಪೊರೆ ಎಲ್ಲವೂ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿವೆ. ಆಶಾ ಕಾರ್ಯಕರ್ತೆಗೆ ‘ಆರ್‌ಬಿಎಸ್‌ಕೆ ತಂಡಕ್ಕೆ ತಿಳಿಸಿ’ ಎಂದರೆ ಅವರಿಗೆ ಅರ್ಥವಾಗುತ್ತದೆ. ತಾಯಿ ಕಾರ್ಡು, ಆಧಾರ್, ರೇಷನ್ ಕಾರ್ಡು ಹಿಡಿದು ತುಮಕೂರಿನ ಜಿಲ್ಲಾಸ್ಪತ್ರೆಗೆ ಹೋಗಿ, ಈ ಯೋಜನೆಯವರನ್ನು ಕೇಳಿ. ಹೃದಯದ ಆಪರೇಷನ್ ಬೇಕಾದರೆ ಅದೂ ಈ ಯೋಜನೆಯ ವ್ಯಾಪ್ತಿಯಲ್ಲಿದೆ. ಎಕೋ ತುಮಕೂರಿನಲ್ಲಿ ತಡವಾಗುವಂತಿದ್ದರೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬೆಂಗಳೂರು ಬಸ್ಸು ಹತ್ತಿ, ಜಯದೇವ ಹೃದ್ರೋಗ ಸಂಸ್ಥೆಗೋ ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಹೋಗಿ. ಕ್ಯಾರಿಯೋಟೈಪ್ ಮತ್ತು ಅದನ್ನು ಓದಿ ಹೇಳುವವರಿಗಾಗಿ ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಇದೆ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಎಂದು ಕೇಳಬೇಕು. ಖಾಸಗಿಯಲ್ಲಾದರೆ ಟೆಸ್ಟಿಗೆ ಕೆಲವು ಸಾವಿರ ರೂಪಾಯಿ. ಕಿವಿಯ ಪರೀಕ್ಷೆಗೂ ಮುಂದೆ ಮಾತು ಕಲಿಸುವುದಕ್ಕೂ ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ನಮ್ಮ ಜನರಿಗಾಗಿ ಇದೆ.

ಅನುಮಾನ ನಿಜವಾದರೆ ಈ ಮಗು ತಡವಾಗಿ ಕೂರುತ್ತದೆ, ತಡವಾಗಿ ನಡೆಯುತ್ತದೆ, ಬಹುಶಃ ಎರಡು ವರ್ಷದ ಆಸುಪಾಸಿನಲ್ಲಿ. ಮಾತು ಇನ್ನೂ ತಡ. ಕಲಿಯುತ್ತದೆ, ನಿಧಾನವಾಗಿ. ಎಷ್ಟು ಎಂದು ಯಾವ ರಿಪೋರ್ಟೂ ಇವತ್ತು ಹೇಳಲಾರದು. ಮೂರು ತಿಂಗಳಿನಿಂದಲೇ ವ್ಯಾಯಾಮ ಶುರು ಮಾಡಿದ ಮಗುವಿಗೂ ಮೂರು ವರ್ಷ ಮೂಲೆಯಲ್ಲಿ ಮಲಗಿಸಿದ ಮಗುವಿಗೂ ಇರುವ ಅಂತರವನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ.

ನಾಮಕರಣ ಮುಂದಕ್ಕೆ ಹಾಕಬೇಡಿ. ಆಸ್ಪತ್ರೆಯ ಫಾರಮಿನಲ್ಲಿ ಹೆಸರಿಡದ ಮಗುವನ್ನು ‘ಬೇಬಿ ಆಫ್’ ಎಂದು ಬರೆದು ಮುಂದೆ ತಾಯಿಯ ಹೆಸರು ಸೇರಿಸುತ್ತಾರೆ. ಎಕೋಗೆ ಹೊರಡುವ ಮೊದಲು ತೊಟ್ಟಿಲು ಕಟ್ಟಿ, ಹೆಸರಿಡಿ, ಕಿವಿಯಲ್ಲಿ ಕರೆಯಿರಿ. ಫಾರಮಿನಲ್ಲಿ ಆ ಹೆಸರನ್ನೇ ಬರೆಸಿ. ಎಕೋದಲ್ಲಿ ಏನು ಬಂತು ಎಂದು ನನಗೆ ಬರೆಯುವಾಗ ಹೆಸರನ್ನೂ ತಿಳಿಸಿ.